ಬೆಳಿಗ್ಗೆ ಹತ್ತಕ್ಕೆ ಸಾಯುತ್ತಿದ್ದ ಸಣ್ಣಾಕಿ

ಆ ಮುದುಕಿ ನನ್ನೆದುರಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಬಸಿಗೆ ಸುರಿದುಕೊಂಡು ಸೊರ್ರೆಂದು ಎಳೆಯುವ ಸದ್ದು ನನಗೆ ಕೇಳುತ್ತಿತ್ತು. ಅದೇ ಹೊತ್ತಿಗೆ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಅವಳು ಸತ್ತಿದ್ದಳು. ಹೆಸರು, ಗಂಡನ ಹೆಸರು, ಊರು, ಎಲ್ಲ ಸರಿಯಾಗಿತ್ತು. ಸಾಲಿನ ಕೊನೆಯಲ್ಲಿ ಮಾತ್ರ ‘ಮೃತ’ ಎಂದಿತ್ತು.

“ಆಯಿ, ಇದರಾಗ ನೀ ಸತ್ತೀ ಅಂತ ಐತಿ,” ಎಂದೆ. ಸುತ್ತಿ ಬಳಸಿ ಹೇಳುವ ಗುಣ ನನಗೆ ಹುಟ್ಟಿನಿಂದಲೇ ಬಂದಿಲ್ಲ.

ಅವಳು ಬಸಿ ಕೆಳಗಿಟ್ಟಳು. ನಗುತ್ತಾಳೆ ಅಂದುಕೊಂಡೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೆತ್ತಗೆ ಕೇಳಿದಳು:

“ಯಾವಾಗಿಂದ ಯವ್ವಾ?”

ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು. ಫ್ಯಾನು ತಿರುಗುತ್ತಿರಲಿಲ್ಲ. ಆದರೂ ನನ್ನ ಮೈ ಜುಮ್ಮೆಂದಿತು. ಬದುಕಿರುವವರು ಕೇಳುವ ಪ್ರಶ್ನೆಯೇ ಅದು?

ಯಾವ ಊರಿನ ಕಚೇರಿ ಎಂದು ನನ್ನನ್ನು ಕೇಳಬೇಡಿ. 1997ರಲ್ಲಿ ರಾಯಚೂರಿನಿಂದ ಒಡೆದು ನಮ್ಮದೇ ಜಿಲ್ಲೆ ಆದಾಗ, ಟೈಪಿಂಗ್ ಪಾಸಾದವರಿಗೆಲ್ಲ ಕೆಲಸ ಎಂದು ಗುಲ್ಲೆದ್ದಿತು. ಗುಲ್ಲು ಸುಳ್ಳು, ಆದರೆ ನನಗೆ ಮಾತ್ರ ಸಿಕ್ಕಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆಯ ನೀರು ಕುಡಿದಿದ್ದೇನೆ. ಆ ನಾಲ್ಕರಲ್ಲಿ ಒಂದು ಕಡೆ ನಡೆದದ್ದು ಇದು. ಮೊದಮೊದಲು ನಮ್ಮ ಕೆಲಸವೆಲ್ಲ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರಗಳಲ್ಲಿತ್ತು. ಬಿಚ್ಚಿದರೆ ಧೂಳು, ಧೂಳಿನ ಕೆಳಗೆ ಅಕ್ಷರ, ಅಕ್ಷರದ ಕೆಳಗೆ ಯಾರದೋ ಸಹಿ. ಆಮೇಲೆ ಕಂಪ್ಯೂಟರ್ ಬಂತು. ಒಂದು ಖಾಸಗಿ ಕಂಪನಿ ತಂದುಕೊಟ್ಟ ಪ್ರೋಗ್ರಾಂ ಬಂತು. ತಾಲ್ಲೂಕಿನ ಮನುಷ್ಯರನ್ನೆಲ್ಲ ಅದರೊಳಗೆ ತುಂಬಬೇಕು ಎಂದು ಹುಕುಂ ಆಯಿತು. ರೇಷನ್ನಿಗೂ ಅದೇ ಪಟ್ಟಿ, ವಯಸ್ಸಾದವರ ಪಗಾರಕ್ಕೂ, ಅಂದರೆ ಪಿಂಚಣಿಗೂ, ಅದೇ ಪಟ್ಟಿ.

ತುಂಬಿದವರಲ್ಲಿ ನಾನೂ ಒಬ್ಬಳು. ಹಳ್ಳಿ ಹಳ್ಳಿಗೆ ಹೋಗಿ ಸಾಲಿಯ ಪಡಸಾಲೆಯಲ್ಲಿ ಕೂತು ಬರೆದುಕೊಂಡು ಬರುತ್ತಿದ್ದೆವು, ಕಚೇರಿಯಲ್ಲಿ ಟೈಪು ಮಾಡುತ್ತಿದ್ದೆವು. ಹುಟ್ಟಿದ ತಾರೀಖು ಹಾಕದಿದ್ದರೆ ಆ ಪ್ರೋಗ್ರಾಂ ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಕಡೆಯ ಮುದುಕರಿಗೆ ತಾರೀಖು ಎಲ್ಲಿಂದ ಬರಬೇಕು? ‘ದೊಡ್ಡ ಬರ ಬಿದ್ದಾಗ ಮೊಲಿ ಕುಡಿತಿದ್ದೆ’ ಎನ್ನುವವರು ಅವರು. ಹೆಡ್‌ಮಾಸ್ತರರು ಸಾಲಿಗೆ ಸೇರಿದ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಬರೆಯುವುದು ರೂಢಿ. ನಾವೂ ಮುದುಕರಿಗೆಲ್ಲ ಜೂನ್ ಒಂದನ್ನೇ ಹಾಕಿದೆವು. ವರ್ಷ ಮಾತ್ರ ಮುಖ ನೋಡಿ ಅಂದಾಜು. ಅರ್ಧ ತಾಲ್ಲೂಕು ಒಂದೇ ದಿನ ಹುಟ್ಟಿದೆ ಎಂದು ನಾವೇ ಚೇಷ್ಟೆ ಮಾಡಿಕೊಂಡು ನಗುತ್ತಿದ್ದೆವು.

ಬೆಂಚಿನ ಮೇಲಿದ್ದ ಮುದುಕಿ ಬೇವೂರಿನಾಚೆ ಒಂದು ಹಳ್ಳಿಯವಳು. ಊರಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸಣ್ಣಾಕಿ ಎನ್ನುತ್ತಿದ್ದರು. ಅವಳ ಅಕ್ಕ ದೊಡ್ಡಾಕಿ. ಇಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟು ಒಂದೇ ಹಂದರದಲ್ಲಿ ಮದುವೆ ಮಾಡಿದ್ದರು. ಗಂಡಂದಿರು ತೀರಿಹೋಗಿ ಬಹಳ ಕಾಲವಾಗಿತ್ತು. ಅಕ್ಕತಂಗಿ ಒಂದೇ ಒಲೆಯಲ್ಲಿ ರೊಟ್ಟಿ ಬಡಿದುಕೊಂಡು, ಒಂದೇ ಹೊಲಕ್ಕೆ ಕಳೆ ತೆಗೆಯಲು ಹೋಗಿಕೊಂಡು ಇದ್ದರು. ಆ ವರ್ಷ ದೊಡ್ಡಾಕಿ ಮಗಳ ಮನೆಗೆಂದು ಗಂಗಾವತಿ ಕಡೆಯ ನೀರಾವರಿ ಊರಿಗೆ ಹೋದವಳು, ಅಲ್ಲಿಯೇ ಜ್ವರ ಬಂದು ತೀರಿಕೊಂಡಳು. ಸುದ್ದಿ ತಡವಾಗಿ ಮುಟ್ಟಿತು. ಸಣ್ಣಾಕಿ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು, ಅಕ್ಕನ ಮುಖ ಸಿಗಲಿಲ್ಲ. ತಂಗಿಯ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಎಂದು ಊರ ಹೆಂಗಸರು ಆಡಿಕೊಂಡರು. ಇದನ್ನೆಲ್ಲ ನನಗೆ ಆ ಊರಿನ ತಳವಾರ ಹೇಳಿದ್ದು.

ರೇಷನ್ ಅಂಗಡಿಯವನು ಅವಳ ಹೆಸರು ಹೋಗಿದೆ ಎಂದು ಹೇಳಿದ್ದಕ್ಕೆ ಅವಳು ಬಂದದ್ದು. ಪಗಾರವೂ ನಿಂತಿತ್ತು. ಇದೇನು ಮಹಾ, ಒಂದು ಅಕ್ಷರ ತಿದ್ದಿದರೆ ಆಯಿತು ಎಂದುಕೊಂಡೆ. ಆದರೆ ಸರ್ಕಾರದಲ್ಲಿ ಸಾಯುವುದು ಸುಲಭ, ಬದುಕಿ ಬರುವುದಕ್ಕೆ ಕಾಗದ ಬೇಕು. ನಮ್ಮ ಕಚೇರಿಯವರು ಊರಿಗೆ ಹೋಗಿ ಐದು ಜನರನ್ನು ಕೂಡಿಸಿ ಪಂಚನಾಮೆ ಮಾಡಿದರು. ‘ಸದರಿ ಮಹಿಳೆಯು ನಮ್ಮ ಸಮಕ್ಷಮ ನಿಂತಿರುತ್ತಾಳೆ, ಉಸಿರಾಡುತ್ತಿರುತ್ತಾಳೆ’ ಎಂದು ಬರೆದು ಹೆಬ್ಬೆಟ್ಟು ಒತ್ತಿದರು. ತಹಶೀಲ್ದಾರರು ಸಹಿ ಹಾಕಿದರು. ನಾನು ‘ಮೃತ’ ತೆಗೆದು ‘ಜೀವಂತ’ ಎಂದು ಮಾಡಿದೆ. ಪರದೆ ಒಪ್ಪಿಕೊಂಡಿತು. “ಹೋಗು ಆಯಿ, ಜೀವ ಬಂತು ನಿನಗ,” ಎಂದು ಚೇಷ್ಟೆ ಮಾಡಿ ಕಳಿಸಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಯಂತ್ರ ಚಾಲೂ ಮಾಡಿ, ಸುಮ್ಮನೆ ಒಮ್ಮೆ ನೋಡೋಣವೆಂದು ಅವಳ ಹೆಸರು ತೆಗೆದೆ. ಮೃತ.

ನಾನೇ ಸರಿಯಾಗಿ ಉಳಿಸಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ತಿದ್ದಿದೆ. ಶಿರಸ್ತೇದಾರರನ್ನು ಕರೆದು ಅವರ ಕಣ್ಣೆದುರಿಗೇ ತಿದ್ದಿದೆ. ಮರುದಿನ ಹತ್ತಕ್ಕೆ ಮತ್ತೆ ಮೃತ. ಮೂರನೆಯ ದಿನವೂ ಅಷ್ಟೆ. ಸಂಜೆ ನಾವು ಬಾಗಿಲು ಹಾಕಿಕೊಂಡು ಹೋದಮೇಲೆ ಆ ಪ್ರೋಗ್ರಾಂ ತನ್ನಷ್ಟಕ್ಕೆ ತಾನು ಏನೋ ಕೆಲಸ ಮಾಡುತ್ತಿತ್ತು. ಬೇರೆ ಬೇರೆ ಪಟ್ಟಿಗಳನ್ನು ತಾಳೆ ನೋಡುತ್ತದೆ ಎಂದಷ್ಟೇ ನಮಗೆ ಹೇಳಿದ್ದರು. ಏನನ್ನು ಯಾವುದರ ಜೊತೆ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಏನು ಮಾಡುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಬಂದರೆ ‘ಕಾರ್ಯ ಪೂರ್ಣಗೊಂಡಿದೆ’ ಎಂಬ ಎರಡು ಪದ ಪರದೆಯ ಮೇಲೆ ಕಾದು ಕೂತಿರುತ್ತಿದ್ದವು.

“ಬಾಯಾರ, ಕಂಪ್ಯೂಟರ್ ಸುಳ್ಳು ಹೇಳೂದಿಲ್ರಿ,” ಎಂದರು ಶಿರಸ್ತೇದಾರರು. “ಆ ಮುದುಕೀನ್ನ ಸರಿಯಾಗಿ ನೋಡೀರೇನು? ನೆರಳು ಬೀಳ್ತೈತೇನು ಆಕೀದು?”

ಅವರು ಚೇಷ್ಟೆಗೆ ಅಂದದ್ದು. ಆದರೆ ಮುಂದಿನ ಸಲ ಅವಳು ಬಂದಾಗ ನನ್ನ ಕಣ್ಣು ತಾನಾಗಿಯೇ ಅವಳ ಕಾಲ ಬುಡಕ್ಕೆ ಹೋಯಿತು. ನೆರಳಿತ್ತು. ನೋಡಿದ್ದಕ್ಕೆ ನನಗೇ ನಾಚಿಕೆಯಾಯಿತು. ಜವಾನ ಮಾತ್ರ ಯಾರಿಗೂ ಹೇಳದೆ ನನ್ನ ಕಂಪ್ಯೂಟರಿನ ನೆತ್ತಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ. ತೆಗೆ ಎಂದು ಗದರಿದೆ. ತೆಗೆದ. ಮರುದಿನ ಮತ್ತೆ ಇತ್ತು, ಆಗ ನಾನು ಸುಮ್ಮನಿದ್ದೆ.

ಕಂಪನಿಗೆ ಫೋನು ಮಾಡಿದೆವು. ಅವರ ಎಂಜಿನಿಯರ್ ಬಂದರು, ತಲೆ ನೆರೆತ ಮನುಷ್ಯ, ಬೆಂಗಳೂರು ಕಡೆಯ ಮಾತು. ಅರ್ಧ ದಿನ ಕೂತು ಅದನ್ನೂ ಇದನ್ನೂ ಒತ್ತಿ ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

“ಯಾಕೆ ಹೀಗೆ ಮಾಡ್ತಿದೆ ಅಂತ ಒಳಗೆ ನೋಡಿದ್ರೆ ತಿಳಿಯುತ್ತೆ ಮೇಡಂ. ಆದ್ರೆ ಒಳಗಿನ ಬರಹ, ಅಂದ್ರೆ ಸೋರ್ಸ್ ಕೋಡ್, ನಮ್ಮ ಹತ್ರ ಇಲ್ಲ. ನಾವು ಬೇರೆ ಕಂಪನಿಯವರಿಂದ ಕೊಂಡಿದ್ದು. ಅದನ್ನ ಬಿಚ್ಚೋ ಹಕ್ಕು ಕರಾರಿನಲ್ಲಿ ನಮಗೂ ಇಲ್ಲ, ನಿಮಗೂ ಇಲ್ಲ.”

“ಬರೆದವರನ್ನ ಕೇಳ್ರಿ ಮತ್ತ,” ಎಂದೆ.

“ಆ ಕಂಪನಿ ಮುಚ್ಚಿದೆ.”

ಅವರು ಆ ಮುಚ್ಚಿದ ಕಂಪನಿಯದೇ ಒಂದು ನಂಬರು ಕೊಟ್ಟು ಹೋದರು. ನಾನು ಹಠಕ್ಕೆ ಬಿದ್ದು ಆ ನಂಬರಿಗೆ ದಿನಾ ಫೋನು ಹಚ್ಚಿದೆ. ಮೊದಲು ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ, ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಿತ್ತು. ಆಮೇಲೆ ವಾದ್ಯದ ಸದ್ದು. ಅದರ ಹಿಂದೆ ಯಾರೂ ಇಲ್ಲ. ಕೆಲವು ವಾರದ ಮೇಲೆ ಆ ದನಿಯೂ ನಿಂತು, ಈ ನಂಬರೇ ಇಲ್ಲ ಎಂದು ಹೇಳತೊಡಗಿತು. ಹುಕುಂ ಬರೆದವರು ಎದ್ದು ಹೋಗಿದ್ದಾರೆ, ಹುಕುಂ ಮಾತ್ರ ದಿನಾ ರಾತ್ರಿ ತಪ್ಪದೆ ಜಾರಿಯಾಗುತ್ತಿದೆ. ಇದಕ್ಕಿಂತ ದೆವ್ವ ಬೇರೆ ಯಾವುದಿದೆ? ತಹಶೀಲ್ದಾರರ ಸಹಿ ಇದೆ, ಐದು ಜನರ ಹೆಬ್ಬೆಟ್ಟಿದೆ, ಮುದುಕಿ ತಾನೇ ಎದುರಿಗಿದ್ದಾಳೆ. ದೇವರು ಕೊಟ್ಟರೂ ಪೂಜಾರಿ ಬಿಡ ಎಂದಂತೆ, ಎಲ್ಲರೂ ಕೊಟ್ಟ ಜೀವವನ್ನು ಆ ಪೆಟ್ಟಿಗೆ ಕಿತ್ತುಕೊಳ್ಳುತ್ತಿತ್ತು.

ಹಾಗೆ ಎಷ್ಟು ಸಲ ಸತ್ತಳೋ ಸಣ್ಣಾಕಿ, ನಾನು ಲೆಕ್ಕ ಇಡಲಿಲ್ಲ.

ಒಮ್ಮೆ ಮಾತ್ರ ಮೂರು ದಿನ ಬದುಕಿದ್ದಳು. ರಸ್ತೆ ಅಗಲ ಮಾಡುವವರು ಎಲ್ಲೋ ನೆಲದೊಳಗಿನ ಟೆಲಿಫೋನ್ ಕೇಬಲ್ ಕಡಿದು, ನಮ್ಮ ಕಚೇರಿಗೆ ಲೈನೇ ಇರಲಿಲ್ಲ. ದಿನಾ ಬೆಳಿಗ್ಗೆ ‘ಜೀವಂತ’ ಎಂದೇ ಇತ್ತು. ಗೆದ್ದೆ ಎಂದುಕೊಂಡು ತಳವಾರನ ಕೈಲಿ ಹೇಳಿ ಕಳಿಸಿದೆ. ಅವಳು ಚುರುಮುರಿ, ಸಕ್ಕರೆ ಕಟ್ಟಿಕೊಂಡು ಬಂದಳು. ಎಲ್ಲರಿಗೂ ಹಂಚಿದಳು. ನನ್ನ ಮೇಜಿನ ಮೇಲೂ ಒಂದು ಮುಷ್ಟಿ ಇಟ್ಟಳು. ಅವಳು ಇನ್ನೂ ಮೆಟ್ಟಿಲು ಇಳಿಯುತ್ತಿದ್ದಳು, ಆ ಹೊತ್ತಿಗೆ ಲೈನು ಬಂತು. ಪರದೆ ಒಂದು ಸಲ ಕಣ್ಣು ಮುಚ್ಚಿ ತೆಗೆಯಿತು. ‘ಬಾಕಿ ಕಾರ್ಯ ನಡೆಯುತ್ತಿದೆ’ ಎಂದಿತು. ನಾನು ಚುರುಮುರಿ ಅಗಿಯುತ್ತ ನೋಡುತ್ತಿದ್ದಂತೆಯೇ ಅವಳು ಸತ್ತಳು. ಕಿಟಕಿಯಲ್ಲಿ ಅವಳು ನಡೆದು ಹೋಗುತ್ತಿರುವುದು ಕಾಣುತ್ತಿತ್ತು.

ಅವಳನ್ನು ಕೂಗಿ ವಾಪಸು ಕರೆದು ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ವಾರ ಅವಳೇ ಬಂದಳು, ಬೆಂಚಿನ ತುದಿಗೆ ಕೂತಳು, ನನ್ನ ಮುಖ ನೋಡಿದಳು.

“ನೀ ಭಾಳ ದಣಕೋಬ್ಯಾಡ ಯವ್ವಾ,” ಎಂದಳು. “ಇದು ನಿಮ್ಮ ಯಂತ್ರ ಮಾಡ್ತಿರೂದಲ್ಲ. ನಮ್ಮಕ್ಕ ಮಾಡ್ತಿರೂದು.”

“ಏನಂತೀ?”

“ಅಕ್ಕ ನನ್ನ ಬಿಟ್ಟು ಎಲ್ಲೂ ಹೋದಾಕಿ ಅಲ್ಲ. ಬಾವಿಗೆ ಹೋದ್ರೂ ಕೈ ಹಿಡಕೊಂಡು ಹೋಕ್ಕಿದ್ಲು. ಗಂಡನ ಮನಿಗೂ ಹಂಗs ಕರಕೊಂಡು ಬಂದ್ಲು. ಇದೊಂದ ಸಲ ಬಿಟ್ಟು ಹೋಗ್ಯಾಳ. ಈಗ ನೆನಪಾಗಿ ಎಳ್ಯಾಕತ್ಯಾಳ. ಹೊಲದಾಗ ಕಳೆ ತೆಗಿಯೋವಾಗ ನಡುಮಧ್ಯಾಹ್ನ ಕರೀತಾಳ, ಏ ಸಣ್ಣಾಕಿ ಅಂತ. ನಾ ಓ ಅಂದಿಲ್ಲ. ನೀ ತಿದ್ದಿದ ದಿನಾನs ಭಾಳ ಕರೀತಾಳ.”

ನನಗೆ ಸಿಟ್ಟು ಬಂತು. ಮೂಗಿನ ತುದಿಯಲ್ಲೇ ಇರುವ ಸಿಟ್ಟು ನನ್ನದು, ಹೆದರಿಕೆಯಾದಾಗ ಇನ್ನೂ ಬೇಗ ಬರುತ್ತದೆ. “ಹುಚ್ಚಿ ಆಗೀಯೇನು? ಸತ್ತಾಕಿ ಎಲ್ಲಿ ಕರೀತಾಳ? ನೀನಾದ್ರೂ ಬದುಕೀನಿ ಅಂತ ಗಟ್ಟಿಯಾಗಿ ಅನ್ನು!” ಎಂದು ಕಚೇರಿಯೆಲ್ಲ ತಿರುಗಿ ನೋಡುವಂತೆ ಕಿರುಚಿದೆ.

“ಅಂದೀನಲ್ಲ ಯವ್ವಾ,” ಎಂದಳು. “ಅಂದಂಗೆಲ್ಲಾ ನೀವು ಇಲ್ಲ ಅಂತೀರಿ.”

ಊರಲ್ಲೂ ಅವಳಿಗೆ ಜಾಗ ಕಿರಿದಾಗುತ್ತ ಬಂದಿತ್ತು. ನಲ್ಲಿಯಲ್ಲಿ ಅವಳು ಕೊಡ ಹಿಡಿದರೆ ಉಳಿದವರು ಹಿಂದೆ ಸರಿಯುತ್ತಿದ್ದರು, ಅವಳ ನಂತರ ಯಾರೂ ಕೂಡಲೇ ನೀರು ಹಿಡಿಯುತ್ತಿರಲಿಲ್ಲ. ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದ ಐವರಲ್ಲಿ ಒಬ್ಬನಿಗೆ ಕಾಮಾಲೆ ಆಯಿತು. ಅವನ ಹೆಂಡತಿ ಅವಳ ಮನೆ ಮುಂದೆ ಬಂದು ಮಣ್ಣು ತೂರಿದಳು. ಹೊಲದ ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಸಣ್ಣಾಕಿ ಹುಣ್ಣಿಮೆಗೆ ಹುಲಿಗಿಗೆ ಹೋಗಿ ಅಮ್ಮನ ಮುಂದೆ ಕೂತು ಬಂದಳಂತೆ. ಏನು ಬೇಡಿಕೊಂಡಿ ಎಂದು ತಳವಾರ ಕೇಳಿದ್ದಕ್ಕೆ, “ಇಲ್ಲಿಡು, ಇಲ್ಲಾ ಅಲ್ಲಿಡು, ನಡುವ ಇಡಬ್ಯಾಡ ಅಂದೆ,” ಎಂದಳಂತೆ. ಆಮೇಲೆ ಅವಳು ಕಚೇರಿಗೆ ಬರುವುದನ್ನೇ ನಿಲ್ಲಿಸಿದಳು. ಮನೆಯಲ್ಲಿ ಎರಡು ಗಂಗಾಳದಲ್ಲಿ ಊಟ ಬಡಿಸಿಕೊಂಡು, ಅಕ್ಕ ಮಲಗುತ್ತಿದ್ದ ಜಾಗದಲ್ಲಿ ಮಲಗುತ್ತಾಳೆ, ದಿನದಿಂದ ದಿನಕ್ಕೆ ಒಣಗುತ್ತಿದ್ದಾಳೆ ಎಂದು ಸುದ್ದಿ ಬರುತ್ತಿತ್ತು. ತಳವಾರನ ಕೈಯಲ್ಲಿ ನಾನು ಜೋಳ ಕಳಿಸುತ್ತಿದ್ದೆ. ಆದರೆ ಜೋಳಕ್ಕಿಂತ ಬೇರೆ ಏನೋ ಅವಳಲ್ಲಿ ಮುಗಿಯುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಒಂದು ದಿನ ಅವಳು ಆ ಕರೆಗೆ ‘ಓ’ ಎಂದುಬಿಡುತ್ತಾಳೆ. ಅಂದು ಬೆಳಿಗ್ಗೆ ಹತ್ತಕ್ಕೆ ಪರದೆಯ ಮೇಲೆ ಇರುವುದೂ ಊರಲ್ಲಿ ಇರುವುದೂ ಒಂದೇ ಆಗುತ್ತದೆ. ಆ ಹೆದರಿಕೆಯಲ್ಲಿ ನಾನು ದಿನಾ ಮೊದಲು ಅವಳ ಹೆಸರು ತಿದ್ದಿ, ಆಮೇಲೆ ಉಳಿದ ಕೆಲಸಕ್ಕೆ ಕೈ ಹಾಕುತ್ತಿದ್ದೆ. ಮನೆಯಲ್ಲಿ ದೇವರಿಗೆ ದೀಪ ಹಚ್ಚುವುದನ್ನು ತಪ್ಪಿಸಿದರೂ ಇದನ್ನು ತಪ್ಪಿಸುತ್ತಿರಲಿಲ್ಲ.

ಹೀಗೆ ಎರಡು ವರ್ಷ ದಾಟಿದ ಮೇಲೆ ಹಳೆಯ ಪ್ರೋಗ್ರಾಂ ತೆಗೆದು ಹೊಸದು ಹಾಕುತ್ತಾರೆ ಎಂದರು. ಹಾಕಲು ಬಂದ ತಾಂತ್ರಿಕ ಅಧಿಕಾರಿ ಗಂಗಾವತಿ ಕಡೆ ಆಂಧ್ರದವರು ಬಂದು ನೆಲೆಸಿದ ಕ್ಯಾಂಪಿನವರು, ಮನೆಮಾತು ತೆಲುಗು, ಮಾತಿಗೊಮ್ಮೆ ‘ಅಮ್ಮಾ’ ಎನ್ನುವವರು. ಇದು ಓಪನ್ ಸೋರ್ಸ್ ಅಂತ, ಇದಕ್ಕೆ ಒಡೆಯ ಅಂತ ಒಬ್ಬನಿಲ್ಲ, ಯಾರು ಬೇಕಾದರೂ ತಗೋಬಹುದು, ಒಳಗೆ ಏನಿದೆ ಅಂತ ಓದಬಹುದು, ತಪ್ಪಿದ್ದರೆ ತಿದ್ದಬಹುದು ಎಂದು ವಿವರಿಸಿದರು. ಪುಕ್ಕಟೆ ಸಿಕ್ಕ ಸಾಮಾನಿನ ಮೇಲೆ ನನಗೆ ಎಂದೂ ನಂಬಿಕೆ ಇಲ್ಲ. “ಆತು ಬಿಡ್ರಿ, ಒಂದು ಹೋತು ಇನ್ನೊಂದು ಬಂತು,” ಎಂದೆ. ಹಳೆಯ ಪಟ್ಟಿಯನ್ನೆಲ್ಲ ಹೊಸದರೊಳಗೆ ಸುರಿದರು. ನಾನು ಸಣ್ಣಾಕಿಯನ್ನು ಬದುಕಿಸಿ ಮನೆಗೆ ಹೋದೆ.

ಮರುದಿನ ಹತ್ತಕ್ಕೆ ಬಂದರೆ, ಹೊಸ ಪ್ರೋಗ್ರಾಮಿನಲ್ಲೂ ಮೃತ.

ಯಂತ್ರ ಬೇರೆ, ಬರೆದವರು ಬೇರೆ, ಬಣ್ಣ ಸಹ ಬೇರೆ. ಸಾವು ಮಾತ್ರ ಅದೇ. ಮುದುಕಿ ಹೇಳಿದ್ದೇ ಖರೆ ಎಂದು ಮೊದಲ ಸಲ ನಂಬಿದೆ. ಅಧಿಕಾರಿಯ ಮುಂದೆ ಎಲ್ಲವನ್ನೂ ಹೇಳಿಕೊಂಡೆ, ಅಕ್ಕನ ಕರೆಯನ್ನೂ ಸೇರಿಸಿ. ಹೇಳುವಾಗ ನನಗೇ ಗೊತ್ತಿಲ್ಲದೆ ದನಿ ತಗ್ಗಿಸಿದ್ದೆ.

ಅವರು ನಗಲಿಲ್ಲ. “ನೋಡೋಣ ಬರ್ರಮ್ಮಾ, ಯಾರು ಕರೀತಾರಂತ,” ಎಂದು ಕುರ್ಚಿ ಎಳೆದುಕೊಂಡರು. ಪ್ರೋಗ್ರಾಮಿನ ಒಳಗಿನ ಬರಹವನ್ನೇ ತೆರೆದರು. ಸಾಲು ಸಾಲು ಇಂಗ್ಲಿಷ್ ಅಕ್ಷರ. ಸಾವಿಗೆ ಸಂಬಂಧಿಸಿದ ಪದ ಹಾಕಿ ಹುಡುಕಿದರು, ಒಂದು ಕಡೆ ನಿಂತರು, ಬೆರಳಿಟ್ಟು ತೋರಿಸಿದರು. ಬರೆದವರು ಯಾವ ರಾಜ್ಯದವರೋ ತಿಳಿಯದು, ಆದರೆ ಯಾಕೆ ಹಾಗೆ ಬರೆದೆ ಎಂದು ಮೇಲೆ ಒಂದು ಟಿಪ್ಪಣಿ ಇಟ್ಟಿದ್ದರು. ಅಧಿಕಾರಿ ಅದನ್ನು ಕನ್ನಡದಲ್ಲಿ ಓದಿ ಹೇಳಿದರು:

“ಹೆಸರು, ಗಂಡ ಇಲ್ಲಾ ತಂದೆ ಹೆಸರು, ಊರು, ಹುಟ್ಟಿದ ತಾರೀಖು, ನಾಲ್ಕೂ ಒಂದೇ ಇದ್ರೆ ಇಬ್ಬರಲ್ಲ, ಒಬ್ಬರನ್ನೇ ಎರಡು ಸಲ ಬರ್ಕೊಂಡಾರ ಅಂತ ತಿಳೀಬೇಕು. ಒಬ್ಬರು ಸತ್ತಾರ ಅಂತ ಬೇರೆ ಕಡೆಯಿಂದ ಮರಣದ ಪಟ್ಟಿ ಬಂದ್ರೆ ಎರಡನ್ನೂ ಸೇರಿಸಿ ಮೃತ ಅಂತ ಮಾಡಬೇಕು. ಇಷ್ಟೇ ರೀ ಅಮ್ಮಾ ಇದು. ನಾಲ್ಕೂ ಒಂದೇ ಇರೋರು ಲೋಕದಾಗ ಇಬ್ಬರು ಇರೋದಿಲ್ಲಂತ ಅವರು ಅನ್ಕೊಂಡಾರ.”

ಆ ನಿಯಮಕ್ಕೆ ಸಿಕ್ಕವರ ಜೋಡಿಗಳನ್ನೆಲ್ಲ ಅವರು ಪಟ್ಟಿ ಮಾಡಿ ತೆಗೆದರು. ಅದರಲ್ಲಿ ಒಂದು ಜೋಡಿ ಬೇವೂರಿನಾಚೆಯ ಆ ಹಳ್ಳಿಯದು. ಎರಡು ಸಾಲು, ಒಂದರ ಕೆಳಗೊಂದು. ಹೆಸರು ಒಂದೇ, ಹುಲಿಗಿ ಅಮ್ಮನ ಹೆಸರು. ಗಂಡನ ಹೆಸರು ಒಂದೇ. ಊರು ಒಂದೇ. ಹುಟ್ಟಿದ್ದು ಒಂದೇ ವರ್ಷದ ಜೂನ್ ಒಂದು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಮನೆದೇವರ ಹೆಸರನ್ನು ಒಂದೇ ಮನೆಯ ಮೂರು ಮಕ್ಕಳಿಗೂ ಇಡುತ್ತಾರೆ. ದೊಡ್ಡ, ನಡು, ಸಣ್ಣ ಎಂದು ಮುಂದೆ ಸೇರಿಸಿ ಕರೆಯುತ್ತಾರೆ. ಅಕ್ಕತಂಗಿ ಇಬ್ಬರಿಗೂ ಅಮ್ಮನ ಹೆಸರಿಟ್ಟಿದ್ದರು. ಅವರನ್ನು ತಂದುಕೊಂಡ ಮನೆಯಲ್ಲಿ ಅಣ್ಣತಮ್ಮ ಇಬ್ಬರಿಗೂ ಅವರ ದೇವರ ಹೆಸರಿತ್ತು. ನನ್ನ ಸ್ವಂತ ಕಾಕಂದಿರೇ ದೊಡ್ಡ, ಸಣ್ಣ ಎಂದು ಒಂದೇ ಹೆಸರಿನವರು. ಇಷ್ಟು ಗೊತ್ತಿದ್ದೂ ಎರಡು ವರ್ಷ ಅವಳು ನನ್ನೆದುರು ಕೂತು ‘ಅಕ್ಕ ಅಕ್ಕ’ ಎಂದಾಗ, ಅಕ್ಕನ ಹೆಸರೇನು ಎಂದು ನಾನು ಒಂದು ಸಲ ಕೇಳಲಿಲ್ಲ. ಪರದೆಯ ಮೇಲೆ ಹಳೆಯ ಪ್ರೋಗ್ರಾಂ ಯಾವಾಗಲೂ ಒಂದೇ ಸಾಲು ತೋರಿಸುತ್ತಿತ್ತು. ಇನ್ನೊಂದನ್ನು ನುಂಗಿ ಕೂತಿತ್ತು. ಅದೂ ಇದೇ ನಿಯಮದಿಂದ ಕೊಲ್ಲುತ್ತಿತ್ತೋ ಬೇರೆ ಯಾವುದರಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ.

“ದೊಡ್ಡ, ಸಣ್ಣ ಅನ್ನೋದು ಬಿಟ್ಟು ಬರ್ಕೊಂಡೋರು ಯಾರೋ ನೋಡೋಣ,” ಎಂದು ಅಧಿಕಾರಿ ಇನ್ನೊಂದು ಕಡೆ ಒತ್ತಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪರದೆ ಹೇಳುವ ಮೊದಲೇ ನನಗೆ ತಿಳಿದಿತ್ತು. ಎರಡೂ ಸಾಲಿನ ಮುಂದೆ ಟೈಪು ಮಾಡಿದವರ ಸಂಖ್ಯೆ ಇತ್ತು. ನನ್ನದು.

ಆ ದಿನ ಇಡಿಯಾಗಿ ನೆನಪಿಗೆ ಬಂತು. ಸಾಲಿಯ ಪಡಸಾಲೆ, ಬಿಸಿಲು, ಉದ್ದನೆಯ ಸಾಲು, ಹೊತ್ತಿಗೆ ಸರಿಯಾಗಿ ಊಟ ಬಂದಿರಲಿಲ್ಲ. ಇಬ್ಬರು ಮುದುಕಿಯರು ಕೈ ಕೈ ಹಿಡಿದುಕೊಂಡು ಒಟ್ಟಿಗೆ ಬಂದು ನಿಂತರು. ಒಬ್ಬೊಬ್ಬರಾಗಿ ಬರ್ರಿ ಎಂದು ಗದರಿದೆ. ಅವರು ನಕ್ಕರು, ಕೈ ಬಿಡಲಿಲ್ಲ. ದೊಡ್ಡ ಅಂತ ಬರ್ಕೊ ಯವ್ವಾ ಎಂದಳು ಹಿರಿಯಳು. ಅದೆಲ್ಲ ಕರಿಯೋ ಹೆಸರು, ಖರೆ ಹೆಸರಷ್ಟ ಹೇಳು ಎಂದು ನಾನು ಅವಳ ಮಾತನ್ನು ತಳ್ಳಿಹಾಕಿದೆ. ವಯಸ್ಸು ಕೇಳಿದೆ. ಅಕ್ಕನಿಗೆ ಅಂದಾಜು ಒಂದು ವರ್ಷ ಹಾಕಿದೆ. ತಂಗಿ ಬಗ್ಗಿ ನನ್ನ ಕಾಗದ ನೋಡಿ, ಓದಲು ಬಾರದಿದ್ದರೂ ನೋಡಿ, ಅಂದಳು: “ಅಕ್ಕಗ ಏನ್ ಹಾಕಿದ್ರಿ, ನನಗೂ ಅದನ್ನs ಹಾಕ್ರಿ.” ಹಸಿದ ಹೊಟ್ಟೆಯ ಸಿಟ್ಟಿನಲ್ಲಿ ನಾನು ಅದನ್ನೇ ಹಾಕಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ ಎಂದು ಹಿರಿಯರು ಅಂದದ್ದು ನನ್ನಂಥವರಿಗೇ.

ದೆವ್ವದ ಭಯ ಅಲ್ಲಿಗೆ ಹೋಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದ್ದು. ದೆವ್ವಕ್ಕಾದರೆ ನಿಂಬೆಹಣ್ಣು ಇಳಿಸಬಹುದು, ನನಗೆ ಏನನ್ನು ಇಳಿಸುವುದು? ಕಾಗದದ ಕಾಲದಲ್ಲಿ ಎಂಥ ಕೆಟ್ಟ ಹುಕುಮಿಗೂ ಕೆಳಗೊಂದು ಸಹಿ ಇರುತ್ತಿತ್ತು. ಓದಬಹುದಿತ್ತು, ಜಗಳ ತೆಗೆಯಬಹುದಿತ್ತು. ಪೆಟ್ಟಿಗೆಯ ಒಳಗೆ ಬೀಗ ಹಾಕಿ ಕೂಡಿಸಿದ ಹುಕುಮಿನ ಜೊತೆ ಹೇಗೆ ಜಗಳವಾಡುವುದು? ಹೊಸ ಪ್ರೋಗ್ರಾಮೇನೂ ಧರ್ಮರಾಯನಲ್ಲ, ಅದೂ ಅವಳನ್ನು ಕೊಂದಿತು. ಆದರೆ ಯಾಕೆ ಕೊಂದೆ ಎಂದು ಕೇಳಿದರೆ ಬಾಯಿ ಬಿಟ್ಟು ಹೇಳಿತು. ಜನರ ಅನ್ನ, ಹೆಸರು, ಜೀವ ಇರುವ ಕಡೆ ಸರ್ಕಾರ ಇಂಥದನ್ನೇ ಇಟ್ಟುಕೊಳ್ಳಬೇಕು ಎಂದು ಅಂದಿನಿಂದ ಯಾರ ಮುಂದೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ನಿಂತಿದ್ದೇನೆ ಕೂಡ, ಮೇಲಿನವರಿಂದ ಬೈಸಿಕೊಂಡಿದ್ದೇನೆ.

ಅಧಿಕಾರಿ ಅಂದೇ ಮಧ್ಯಾಹ್ನ ಆ ನಿಯಮ ತಿದ್ದಿದರು. ನಾಲ್ಕೂ ಒಂದೇ ಇದ್ದರೆ ತಾನಾಗಿ ಯಾರನ್ನೂ ಸಾಯಿಸಬಾರದು, ಊರಿಗೆ ಹೋಗಿ ಕೇಳಿ ಬರುವವರೆಗೆ ಇಬ್ಬರನ್ನೂ ಹಾಗೇ ಬಿಡಬೇಕು. ಹೆಸರಿನ ಪಕ್ಕಕ್ಕೆ ದೊಡ್ಡ, ಸಣ್ಣ ಬರೆಯಲು ಒಂದು ಜಾಗವನ್ನೂ ಮಾಡಿದರು. ತಿದ್ದಿದ್ದನ್ನು ಆ ಪ್ರೋಗ್ರಾಂ ನೋಡಿಕೊಳ್ಳುವವರಿಗೆಲ್ಲ ಕಳಿಸಿದರು. ಕೆಲವು ವಾರದ ಮೇಲೆ, ನಿಮ್ಮ ತಿದ್ದುಪಡಿಯನ್ನು ಎಲ್ಲ ಕಡೆಗೂ ತೆಗೆದುಕೊಂಡಿದ್ದೇವೆ ಎಂದು ಉತ್ತರ ಬಂತು. ನಾನು ಕಾಣದ ಯಾವುದೋ ಊರಲ್ಲಿ ಇನ್ನೊಬ್ಬ ಸಣ್ಣಾಕಿ ಬದುಕಿರಬಹುದು.

ಆದರೆ ಅಷ್ಟು ವಾರ ಕಾಯುವ ತಾಳ್ಮೆ ನನಗಿರಲಿಲ್ಲ. ತಿದ್ದಿದ ಮರುದಿನ ಹತ್ತಕ್ಕೆ ನೋಡಿದೆ. ಎರಡು ಸಾಲು. ದೊಡ್ಡಾಕಿ ಮೃತ, ಸಣ್ಣಾಕಿ ಜೀವಂತ. ಅದರ ಮರುದಿನವೂ ಹಾಗೇ. ಮೂರನೆಯ ದಿನ ಎರಡನ್ನೂ ಬೇರೆ ಬೇರೆ ಕಾಗದದ ಮೇಲೆ ತೆಗೆದುಕೊಂಡು, ರಜೆ ಹಾಕಿ, ಬಸ್ಸು ಹತ್ತಿದೆ.

ಸಣ್ಣಾಕಿ ಬಾಗಿಲಿಗೆ ಬೆನ್ನು ಮಾಡಿ ಗೋಡೆಯ ಕಡೆ ಮಲಗಿದ್ದಳು. ಒಲೆಯ ಹತ್ತಿರ ಎರಡು ಗಂಗಾಳ ಬೋರಲು ಹಾಕಿದ್ದವು. ಆಯಿ ಎಂದು ಕರೆದೆ. ಅವಳು ಓ ಎನ್ನಲಿಲ್ಲ. ಮೂರು ಸಲ ಕರೆದ ಮೇಲೆ ಮೆಲ್ಲಗೆ ತಿರುಗಿ, ನಾನು ಎಂದು ಗುರುತು ಹಿಡಿದಳು. ಕೈ ಮುಟ್ಟಿದರೆ ಮೂಳೆ ಸಿಗುತ್ತಿತ್ತು. ಎಬ್ಬಿಸಿ ಕೂಡಿಸಿ ಎಲ್ಲ ಹೇಳಿದೆ. ನನ್ನ ತಪ್ಪಿನಿಂದಲೇ ಶುರು ಮಾಡಿದೆ.

“ನಿಮ್ಮಕ್ಕ ನಿನ್ನ ಎಳೀಲಿಲ್ಲ ಆಯಿ. ನಾನು ನಿಮ್ಮಿಬ್ಬರನ್ನೂ ಒಂದs ಬರ್ಕೊಂಡಿದ್ದೆ. ಯಂತ್ರ ನಿಮ್ಮನ್ನ ಒಬ್ಬಾಕಿ ಅಂತ ತಿಳೀತು.”

ಅವಳು ಎರಡೂ ಕಾಗದವನ್ನು ಮಡಿಲಲ್ಲಿಟ್ಟುಕೊಂಡಳು. ಒಂದರ ಮೇಲೆ ಬೆರಳಿಟ್ಟಳು. “ಇದು ಯಾರದು?”

“ನಿಂದು. ನೀ ಬದುಕೀದಿ.”

“ಇದು?”

“ದೊಡ್ಡಾಕೀದು.”

“ಏನಂತೈತಿ?”

“ಸತ್ತಾಳ ಅಂತೈತಿ ಆಯಿ,” ಎಂದೆ.

“ಹಂಗಾರ ಅಕ್ಕ ಕರೀಲೇ ಇಲ್ಲೇನು?” ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ತನ್ನ ಕಾಗದವನ್ನು ಪಕ್ಕಕ್ಕೆ ಸರಿಸಿ, ಅಕ್ಕನದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವಳ ಬಾಯಿಂದ ಒಂದು ದನಿ ಹೊರಟಿತು. ಅಷ್ಟು ಒಣಗಿದ ಮೈಯಲ್ಲಿ ಅಷ್ಟು ದನಿ ಎಲ್ಲಿತ್ತೋ. “ಯವ್ವಾ ದೊಡ್ಡಾಕೀ, ಹೋಗೇಬಿಟ್ಟೇನs…” ಎಂದು ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು. ನಾನು ಹಿಡಿಯಲು ಹೋದೆ, ಕೈ ಕೊಸರಿಕೊಂಡಳು.

ಓಣಿಯ ಹೆಂಗಸರು ಓಡಿ ಬಂದರು. ನಲ್ಲಿಯಲ್ಲಿ ಅವಳಿಂದ ದೂರ ನಿಲ್ಲುತ್ತಿದ್ದವರೇ ಬಂದರು. ಮಣ್ಣು ತೂರಿದವಳೂ ಬಂದು ಬಾಗಿಲಲ್ಲಿ ನಿಂತಳು. “ಏನಾತ? ಯಾರ ಹೋದ್ರ?” ಎಂದು ಒಬ್ಬರನ್ನೊಬ್ಬರು ಕೇಳಿದರು.

“ನಮ್ಮಕ್ಕ ಹೋದ್ಲವಾ,” ಎಂದಳು ಸಣ್ಣಾಕಿ. “ನಮ್ಮಕ್ಕ ಸತ್ಲು.”

ಯಾರೂ ನಗಲಿಲ್ಲ. ಮಣ್ಣು ತೂರಿದವಳು ಒಳಗೆ ಬಂದು, ಅವಳ ಪಕ್ಕ ಕೂತು, ಹೆಗಲ ಮೇಲೆ ಕೈ ಹಾಕಿದಳು. ಇನ್ನೊಬ್ಬಳು ಸಣ್ಣಾಕಿಯ ಕೊಡದಿಂದಲೇ ನೀರು ಬಗ್ಗಿಸಿ ಅವಳಿಗೂ ಕುಡಿಸಿ ತಾನೂ ಕುಡಿದಳು. ದೊಡ್ಡಾಕಿ ತೀರಿಕೊಂಡು ಆಗ ಎರಡು ವರ್ಷ ದಾಟಿತ್ತು.